ಚಿತ್ರಪಟದ ಕೆಳಗಿನ ಅರ್ಧ

ಭಾಲ್ಕಿ
ತಾ. ೨೯ ನವೆಂಬರ್ ೧೯೪೮, ಸೋಮವಾರ

ಪ್ರೀತಿಯ ಮಗ ಮಾಣಿಕನಿಗೆ ಅಪ್ಪನ ಆಶೀರ್ವಾದ.

ಹೊಟ್ಟೆನೋವು ಹೇಗಿದೆ? ದೇವಶಾಸ್ತ್ರ ಶಾಲೆಯ ಹಾಸ್ಟೆಲಿನಲ್ಲಿ ಮೂರು ಹೊತ್ತೂ ಗೋಧಿಯ ರೊಟ್ಟಿ ಎಂದು ಬರೆದಿದ್ದೀ. ಜೋಳ ತಿಂದು ಬೆಳೆದ ಹೊಟ್ಟೆಗೆ ಒಮ್ಮೆಗೇ ದೊಡ್ಡಸ್ತಿಕೆ ಕಲಿಸಿದರೆ ಅದು ಜಗಳ ತೆಗೆಯುತ್ತದೆ. ಊಟವಾದ ಮೇಲೆ ನಾಲ್ಕು ಕಾಳು ಓಮ ಬಾಯಿಗೆ ಹಾಕಿಕೋ, ಓದುವಾಗ ಬಗ್ಗಿ ಕೂರಬೇಡ, ಕಿವಿ ಮುಚ್ಚಿಕೊಂಡು ಮಲಗು. ಜಬಲಪುರದ ಚಳಿ ನಮ್ಮ ಬೀದರದ ಚಳಿಗೆ ಅಣ್ಣ ಎಂದು ಕೇಳಿದ್ದೇನೆ. ಇಲ್ಲಿ ನಾವು ಕ್ಷೇಮ. ನಿನ್ನ ಅವ್ವ ಸಖುಬಾಯಿಯ ಮೊಣಕಾಲು ಮೆಟ್ಟಿಲು ಕಂಡರೆ ನೋಯುತ್ತದೆ, ಯಾರಿಗೋ ಕಷ್ಟ ಎಂದು ಕೇಳಿದರೆ ಮಾತ್ರ ನೋವು ಮರೆತು ಓಡುತ್ತದೆ. ನನ್ನ ಎಡಗಣ್ಣು ಮಂಜಾಗಿದೆ. ಬಲಗಣ್ಣಿಗೆ ನಿನ್ನ ಅಕ್ಷರ ಇನ್ನೂ ಕಾಣುತ್ತದೆ, ಆದ್ದರಿಂದ ಇಷ್ಟು ಸಣ್ಣದಾಗಿ ಬರೆದು ಅದನ್ನೂ ಕೆಡಿಸಬೇಡ.

ನಮ್ಮ ಗಾಡಿಯ ಫಕ್ರೋದ್ದೀನ ತೀರಿಹೋದ, ಅವನ ಹೆಂಡತಿ ಮುನವ್ವರ ಬೇಗಂ ನಮ್ಮ ಮನೆಯಲ್ಲಿದ್ದಾಳೆ ಎಂದು ಅಕ್ಟೋಬರಿನಲ್ಲಿ ನಾಲ್ಕು ಸಾಲಿನ ಕಾರ್ಡು ಹಾಕಿದ್ದೆ. ಅದಕ್ಕೆ ನಿನ್ನ ಉತ್ತರ ಹೋದ ಮಂಗಳವಾರ ಬಂತು. ಚಾಚಾನ ಸುದ್ದಿ ಓದಿ ಎರಡು ದಿನ ಊಟ ಸೇರಲಿಲ್ಲ ಎಂದಿದ್ದೀ. ನಂಬುತ್ತೇನೆ, ನೀನು ಅವನ ಹೆಗಲ ಮೇಲೆ ಬೆಳೆದವನು. ಆದರೆ ಅದರ ಕೆಳಗಿನ ಸಾಲುಗಳನ್ನು ನಿನ್ನ ಅವ್ವನಿಗೆ ನಾನು ಓದಿ ಹೇಳಲಿಲ್ಲ. ಇಪ್ಪತ್ತು ವರ್ಷ ಸುವಾರ್ತೆಯ ಪಟದ ಕೋಲನ್ನು ಕೈಯಲ್ಲಿ ಹಿಡಿದು ನಿಂತೂ ನಂಬದೆ ಹೋದವನಿಗೆ, ಏನೂ ತಿಳಿಯದವನಿಗಿಂತ ಹೆಚ್ಚಿನ ಶಿಕ್ಷೆ ಎಂದು ಬರೆದಿದ್ದೀ. ಬೇಗಂ ಆದರೂ ಆ ಬೆಂಕಿಯಿಂದ ತಪ್ಪಿಸಿಕೊಳ್ಳಲಿ, ನೀವು ಅವಳಿಗೆ ಸತ್ಯ ಹೇಳದಿದ್ದರೆ ಕ್ರಿಸ್‌ಮಸ್‌ಗೆ ಬಂದಾಗ ನಾನೇ ಕೂತು ಹೇಳುತ್ತೇನೆ ಎಂದಿದ್ದೀ. ಕೊನೆಗೆ, ಔರಾದದ ಕಡೆಯ ಹಳ್ಳಿಗಳಿಗೆ ಹೋಗಬೇಕು, ನಮ್ಮ ಚಿತ್ರಪಟವನ್ನು ಬಿಸಿಲಿಗೆ ಹಾಕಿ ಸಿದ್ಧ ಮಾಡಿಡಿ ಎಂದು ಕೇಳಿದ್ದೀ. ಒಂದು ವಾರ ನಾನು ಪೆನ್ನು ಮುಟ್ಟಲಿಲ್ಲ. ಮೊದಲೆರಡು ದಿನ ಸಿಟ್ಟಿತ್ತು. ಆಮೇಲೆ ತಿಳಿಯಿತು, ನೀನು ಬರೆದದ್ದೆಲ್ಲ ನನ್ನದೇ ಮಾತು. ಚಿಕ್ಕಂದಿನಲ್ಲಿ ನನ್ನ ಬಾಯಿಂದ ಕೇಳಿದ್ದನ್ನೇ ನನಗೆ ತಿರುಗಿ ಕಳಿಸಿದ್ದೀ. ಬಿತ್ತಿದ್ದನ್ನೇ ಕೊಯ್ಯಬೇಕು ಎಂದು ಊರಿಗೆಲ್ಲ ಹೇಳಿದ ಉಪದೇಶಿ ಈಗ ಯಾರ ಮೇಲೆ ಸಿಟ್ಟಾಗಬೇಕು?

ಪಟದ ವಿಷಯಕ್ಕೆ ಬರುತ್ತೇನೆ. ಅದರ ಹುಟ್ಟು ನಿನಗೆ ಗೊತ್ತಿಲ್ಲ. ಪರದೇಶದಿಂದ ಬಂದ ಅಂಗೈಯಗಲದ ಒಂದು ಚಿತ್ರವನ್ನು ನೋಡಿ, ಬೀದರದಲ್ಲಿ ಅಂಗಡಿಯ ಬೋರ್ಡು ಬರೆಯುವ ಪೇಂಟರನೊಬ್ಬ ಎಂಟು ಮೊಳ ಉದ್ದ, ನಾಲ್ಕು ಮೊಳ ಅಗಲದ ದಪ್ಪ ಮಾದರಪಾಟಿನ ಬಿಳಿ ಬಟ್ಟೆಯ ಮೇಲೆ ಬರೆದುಕೊಟ್ಟದ್ದು ಅದು. ಮೇಲೆ ಪರಲೋಕದ ಪಟ್ಟಣ, ಕೆಳಗೆ ನರಕ, ನಡುವೆ ಎರಡು ದಾರಿ. ಸಣ್ಣ ದಾರಿ ಹತ್ತಿ ಹೋಗುತ್ತದೆ, ಅಗಲವಾದದ್ದು ಇಳಿದು ಹೋಗುತ್ತದೆ. ಪರಲೋಕವನ್ನು ಆ ಪುಣ್ಯಾತ್ಮ ಬೇಸರದಿಂದ ಬರೆದಿದ್ದಾನೆ: ನಾಲ್ಕು ಗೋಪುರ, ಒಂದಿಷ್ಟು ಹಳದಿ. ನರಕಕ್ಕೆ ಬಂದಾಗ ಹುರುಪು ಬಂದಿದೆ. ಇದ್ದ ಕೆಂಪನ್ನೆಲ್ಲ ಅಲ್ಲಿಯೇ ಸುರಿದು, ಸೈತಾನನಿಗೆ ಆಗ ಕಂದಾಯ ವಸೂಲಿಗೆ ಬರುತ್ತಿದ್ದ ಗಿರದಾವರನ ಮೀಸೆ ಇಟ್ಟಿದ್ದಾನೆ. ಊರ ಹೊರಗಿನ ಬೇವಿನ ಮರಕ್ಕೆ ಪಟ ತೂಗುಹಾಕಿದರೆ ಜನ ನೋಡುತ್ತಿದ್ದದ್ದು ಕೆಳಗಿನ ಅರ್ಧವನ್ನೇ. ನಾನೂ ಬೆತ್ತ ಹಿಡಿದು ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಹೆದರಿಕೆ ಇಲ್ಲದಿದ್ದರೆ ದನವೂ ಕೊಟ್ಟಿಗೆಗೆ ಬರುವುದಿಲ್ಲ ಎಂಬುದು ಆಗಿನ ನನ್ನ ತಿಳುವಳಿಕೆ.

ಮರ ಸಿಗದ ಕಡೆ ಫಕ್ರೋದ್ದೀನ ತನ್ನ ಗಾಡಿಯ ಮೇಲೆ ನಿಂತು ಪಟದ ಬಿದಿರುಕೋಲು ಹಿಡಿಯುತ್ತಿದ್ದದ್ದು ನಿನಗೆ ನೆನಪಿದೆ. ಬಾಡಿಗೆಗೆ ಬಂದ ಗಾಡಿಯವನ ಕೆಲಸವಲ್ಲ ಅದು. ಒಂದು ದಿನವೂ ಕೈ ನೋಯುತ್ತದೆ ಎಂದವನಲ್ಲ. ನನ್ನ ಉಪದೇಶ ಅವನಿಗೆ ಬಾಯಿಪಾಠ. ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕನ ಕಥೆಯಲ್ಲಿ ನಾನು ಅವನ ಹುಣ್ಣು ನೆಕ್ಕಿದ ನಾಯಿಗಳನ್ನು ಮರೆತರೆ ಮೇಲಿನಿಂದ ಕೆಮ್ಮುತ್ತಿದ್ದ. ಅಗಲವಾದ ದಾರಿಯಲ್ಲಿ ಪೇಂಟರ ಒಂದು ಎತ್ತಿನ ಗಾಡಿ ಬರೆದಿದ್ದನಲ್ಲ, ಅದು ತನ್ನದೇ ಎಂದು ಅವನ ಹಟ. "ಸಣ್ಣ ದಾರ್ಯಾಗ ನನ್ನ ಗಾಡಿ ಹಿಡಿಯಂಗಿಲ್ಲ ಮಾಸ್ತರ್ರ. ನೀವು ನಡಕೋತ ಹೋಗ್ರಿ, ನಾ ಸುತ್ತ ಹಾಕಿ ಬರ್ತೇನಿ" ಎನ್ನುತ್ತಿದ್ದ. ಮುಸಲ್ಮಾನರಲ್ಲೂ ನರಕವಿದೆ. ಆದರೆ ಸಾಸಿವೆ ಕಾಳಿನಷ್ಟು ಈಮಾನ, ಅಂದರೆ ನಂಬಿಕೆ, ಎದೆಯಲ್ಲಿ ಇದ್ದವನನ್ನು ಕೊನೆಗೆ ಅಲ್ಲಿಂದ ಹೊರಗೆ ತೆಗೆಯುತ್ತಾರಂತೆ. ನಮ್ಮ ಸ್ವಾಮಿಯೂ ಸಾಸಿವೆ ಕಾಳಿನ ಮಾತು ಆಡಿದ್ದಾನೆ ಎಂದು ನಾನು ಹೇಳಿದಾಗ, ಹಾಗಾದರೆ ಇಬ್ಬರ ಕಿರಾಣಿ ಅಂಗಡಿಯೂ ಒಂದೇ ಎಂದು ನಕ್ಕಿದ್ದ.

ಇನ್ನೊಂದು ಸಂಗತಿ ನಿನಗೆ ಎಂದೂ ಹೇಳಿಲ್ಲ. ನಿನ್ನ ಅಜ್ಜಿ ಭೀಮಬಾಯಿಯನ್ನು ನೀನು ನೋಡಿಲ್ಲ. ಔರಾದದ ಆಚೆ ನಮ್ಮ ಊರಲ್ಲಿ ಕುರಿ ಕಾಯುತ್ತಿದ್ದಳು, ನಾನು ಎಷ್ಟು ಹೇಳಿದರೂ ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ. ಪಟ ಹೊಸದಾಗಿದ್ದಾಗ ಮೊದಲು ಅವಳ ಮುಂದೆಯೇ ಬಿಚ್ಚಿದೆ. ನನಗಾಗ ಇಪ್ಪತ್ತೆರಡು, ಈಗಿನ ನಿನ್ನ ವಯಸ್ಸು. ಅವಳು ಕೆಳಗಿನ ಅರ್ಧದ ಮುಂದೆ ಕೂತು, ಒಂದೊಂದು ಮುಖದ ಮೇಲೆ ಬೆರಳಿಟ್ಟು ನೋಡಿದಳು. ನಿಮ್ಮಪ್ಪ ಇದರಲ್ಲಿ ಎಲ್ಲಿದ್ದಾನೆ ಎಂದು ಕೇಳಿದಳು. ಪ್ಲೇಗಿನಲ್ಲಿ ಸತ್ತ ನನ್ನ ಅಪ್ಪನನ್ನು ಹುಡುಕುತ್ತಿದ್ದಳು. ನಾನು ಬೆಂಕಿಯ ಕಡೆ ಬೆತ್ತ ತೋರಿಸಿದೆ. ಮಾಣಿಕ, ನಿಜವಾಗಿಯೂ ತೋರಿಸಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಹಂಗಾರ ನಾನೂ ಅಲ್ಲೇ ಹೋಗ್ತೇನಪ್ಪ. ಅವರಿಗಿ ರೊಟ್ಟಿ ಮಾಡಿ ಹಾಕೋರು ಯಾರದಾರ" ಅಂದಳು. ಆ ಮಾತನ್ನು ಅಜ್ಞಾನಕ್ಕೆ ಉದಾಹರಣೆ ಎಂದು ವರ್ಷಗಟ್ಟಲೆ ಪಟದ ಮುಂದೆ ಹೇಳಿದೆ. ಜನ ನಗುತ್ತಿದ್ದರು. ಕೋಲು ಹಿಡಿದವನೊಬ್ಬನೇ ನಗುತ್ತಿರಲಿಲ್ಲ.

ನಮ್ಮ ಯೇಸುವಿನ ಮಕ್ಕಳೇ ಈ ನರಕದ ವಿಷಯದಲ್ಲಿ ಒಂದೇ ಮಾತು ಆಡುವುದಿಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ರೋಮನ್ ಸಭೆಯ ಒಬ್ಬ ಫಾದರು ರೈಲಿನಲ್ಲಿ ಸಿಕ್ಕಿದ್ದರು. ನರಕಕ್ಕೂ ಪರಲೋಕಕ್ಕೂ ನಡುವೆ ಇನ್ನೊಂದು ಜಾಗವಿದೆ, ಅಲ್ಲಿನ ಬೆಂಕಿ ಸುಡುವುದಕ್ಕಲ್ಲ, ಶುದ್ಧ ಮಾಡುವುದಕ್ಕೆ ಎಂದರು. ಬಿದರಿ ಕೆಲಸದವನು ಪಾತ್ರೆಗೆ ಮಣ್ಣು ಹಚ್ಚಿ ಕಪ್ಪು ಮಾಡಿದಾಗಲೇ ಬೆಳ್ಳಿ ಎದ್ದು ಕಾಣುವ ಹಾಗೆಯೆ ಎಂದು ಕೇಳಿದೆ. ಹೌದು ಹೌದು ಎಂದರು, ಅವರಿಗೆ ಅರ್ಥವಾಗಿರಲಿಲ್ಲ. ನೀನೇ ಹೋದ ವರ್ಷ ಬಿಟ್ಟು ಹೋದ ನೋಟ್‌ಬುಕ್ಕಿನಲ್ಲಿ ಇನ್ನೊಂದು ಪಂಗಡದ ಮಾತಿದೆ: ಹೊಟ್ಟಿಗೆ ಬೆಂಕಿ ಇಟ್ಟರೆ ಅದು ಸುಟ್ಟು ಮುಗಿಯುತ್ತದೆ, ಎಂದೆಂದಿಗೂ ಉರಿಯುತ್ತ ಕೂರುವುದಿಲ್ಲ, ಕೆಟ್ಟವರೂ ಹಾಗೆಯೇ ಇಲ್ಲವಾಗುತ್ತಾರೆ ಎಂದು. ಅದರ ಪಕ್ಕದಲ್ಲಿ ನೀನು ಕೆಂಪು ಶಾಯಿಯಲ್ಲಿ ತಪ್ಪು ಎಂದು ಗೀಚಿದ್ದೀ. ಬೀದರದ ದವಾಖಾನೆಯ ಪರದೇಶದ ಡಾಕ್ಟರಮ್ಮನವರನ್ನೂ ಒಮ್ಮೆ ಕೇಳಿದೆ. ಮನುಷ್ಯನ ಉಸಿರು ನಿಂತ ಕೂಡಲೇ ದೇವರ ತಾಳ್ಮೆ ನಿಲ್ಲುವುದಿಲ್ಲ, ಕೊನೆಗೆ ಎಲ್ಲರನ್ನೂ ಒಟ್ಟು ಮಾಡಿಕೊಳ್ಳುತ್ತಾನೆ ಎನ್ನುವವರು ತಮ್ಮ ದೇಶದಲ್ಲಿದ್ದಾರೆ, ಅದು ಮಹಾ ಸುಳ್ಳು ಎನ್ನುವ ಒಳ್ಳೆಯವರೂ ಇದ್ದಾರೆ ಎಂದರು. ನೀವು ಯಾರ ಕಡೆ ಎಂದೆ. ಅವರು ಕೈ ತೊಳೆಯುತ್ತಿದ್ದರು. ದಿನವೂ ಸಾಯುವವರ ಪಕ್ಕ ನಿಲ್ಲುತ್ತೇನೆ, ಒಬ್ಬರನ್ನೂ ಅಲ್ಲಿಗೆ ಕಳಿಸಲು ನನಗೆ ಮನಸ್ಸಾಗಿಲ್ಲ, ದೇವರ ಮನಸ್ಸು ನನ್ನದಕ್ಕಿಂತ ಸಣ್ಣದಿರಲಿಕ್ಕಿಲ್ಲ ಎಂದರು. ನಾನು ಆಗ ಒಪ್ಪಲಿಲ್ಲ. ಹೆಂಗಸರ ಕರುಳು ಎಂದುಕೊಂಡು ಬಸ್ಸು ಹತ್ತಿದೆ.

ಆದರೆ ಒಂದು ಮಾತು ಮುಳ್ಳಿನ ಹಾಗೆ ಉಳಿದುಕೊಂಡಿತು. ಮೇದಕದ ಕಡೆಯ ಸಭೆಯವರ ಆರಾಧನೆಗೆ ಒಮ್ಮೆ ಹೋಗಿದ್ದೆ. ಅವರ ವಿಶ್ವಾಸಪ್ರಮಾಣವೂ ನಮ್ಮದೂ ಒಂದೇ, ನಡುವೆ ಒಂದು ಮಾತು ಅವರಲ್ಲಿದೆ, ನಮ್ಮಲ್ಲಿಲ್ಲ. ಸ್ವಾಮಿ ಸತ್ತು, ಹೂಣಲ್ಪಟ್ಟು, ಪಾತಾಳಕ್ಕೆ ಇಳಿದು ಹೋದನು ಎಂದು ಅವರು ಹೇಳುತ್ತಾರೆ. ನಾವು ಹೂಣಿಟ್ಟ ಕೂಡಲೇ ಮೂರನೆಯ ದಿನಕ್ಕೆ ಹಾರುತ್ತೇವೆ. ನಡುವಿನ ಆ ಮೆಟ್ಟಿಲನ್ನು ನಮ್ಮವರು ಯಾಕೆ ತೆಗೆದರು, ನಿನ್ನ ಪ್ರೊಫೆಸರರನ್ನು ಕೇಳು. ಅವನು ನಿಜವಾಗಿ ಅಲ್ಲಿಗೆ ಇಳಿದಿದ್ದರೆ ನನ್ನ ಪಟದ ಕೆಳಗಿನ ಅರ್ಧದಲ್ಲಿ ಅವನೂ ಇರಬೇಕಾಗಿತ್ತು. ಇಪ್ಪತ್ತೆಂಟು ವರ್ಷ ತೋರಿಸಿದೆ, ಅಲ್ಲಿ ಅವನಿರಲಿಲ್ಲ. ಪೇಂಟರ ಬರೆದಿರಲಿಲ್ಲ, ನಾನೂ ಹುಡುಕಿರಲಿಲ್ಲ.

ಈಗ ಸೆಪ್ಟೆಂಬರಿನ ಸಂಗತಿ. ಕಾರ್ಡಿನಲ್ಲಿ ಅದು ಹಿಡಿಯಲಿಲ್ಲ. ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಔರಾದದ ಕಡೆ ಮನೆಗಳಿಗೆ ಬೆಂಕಿ ಇಟ್ಟದ್ದು ನಿನಗೆ ಗೊತ್ತು. ಪೊಲೀಸ್ ಆಕ್ಷನ್ ಆಗಿ ಹಿಂದೂಸ್ತಾನದ ದಂಡು ಬಂದ ದಿನ ಊರೆಲ್ಲ ಕುಣಿಯಿತು, ನಾನೂ ಬಾಗಿಲಲ್ಲಿ ನಿಂತು ಕೈ ಬೀಸಿದೆ. ಆಮೇಲೆ ಸೇಡು ಹೊರಟಿತು. ಅದಕ್ಕೆ ರಜಾಕಾರರು ಸಿಗಲಿಲ್ಲ, ಅವರು ಓಡಿಹೋಗಿದ್ದರು. ಸಿಕ್ಕವರು ಬಡ ಮುಸಲ್ಮಾನರು, ಗಾಡಿ ಹೊಡೆಯುವವರು, ಹತ್ತಿ ಹಿಂಜುವವರು. ಫಕ್ರೋದ್ದೀನನನ್ನೂ ಬೇಗಂಳನ್ನೂ ನಮ್ಮ ಒಳಕೋಣೆಯಲ್ಲಿ ಮೂರು ದಿನ ಇಟ್ಟುಕೊಂಡೆವು. ಸುತ್ತಿಟ್ಟ ಪಟಕ್ಕೆ ಬೆನ್ನು ಕೊಟ್ಟು ಅವನು ಕೂತಿರುತ್ತಿದ್ದ. ನಾಲ್ಕನೆಯ ದಿನ ಸಂಜೆ ಎದ್ದು ನಿಂತ. ನೌಬಾದದಿಂದ ತಂದ ಜೋಡೆತ್ತು ಔರಾದದ ರಸ್ತೆಯ ಬಾವಿಯ ಹತ್ತಿರ ಕಟ್ಟಿದ ಹಾಗೆಯೇ ಇದ್ದವು. ನಾನು ಹೋಗುತ್ತೇನೆ ಎಂದೆ, ನೀವು ಹೋದರೆ ಅವು ಹಾಯುತ್ತವೆ ಎಂದ. "ಮನುಷ್ಯಾರ ಜಗಳದಾಗ ಎತ್ತು ಯಾಕ ಉಪವಾಸ ಸಾಯಬೇಕ್ರಿ ಮಾಸ್ತರ್ರ, ನೀರು ಕುಡಿಸಿ ಬರ್ತೇನಿ" ಅಂದ. ನಾನು ಕೈ ಹಿಡಿದು ಎಳೆಯಬೇಕಿತ್ತು. ಎಳೆಯಲಿಲ್ಲ.

ಬೆಳಗಿನ ಜಾವ ಬಾವಿಯ ಕಟ್ಟೆಯ ಹತ್ತಿರ ಸಿಕ್ಕ. ಎತ್ತುಗಳ ಮುಂದೆ ನೀರಿನ ಬಕೇಟು ಇತ್ತು, ಅವು ಕುಡಿದಿದ್ದವು. ಯಾರು ಮಾಡಿದರೆಂದು ಈ ಕಾಗದದಲ್ಲಿ ಬರೆಯುವುದಿಲ್ಲ. ಅವರಲ್ಲಿ ಇಬ್ಬರು ನಮ್ಮ ಪಟದ ಮುಂದೆ ಕೂತು ಕೆಳಗಿನ ಅರ್ಧವನ್ನು ಬಾಯಿ ತೆರೆದು ನೋಡಿದವರೇ. ಆ ಹೆದರಿಕೆ ಅವರ ಕೈ ತಡೆಯಲಿಲ್ಲ. ಅಡಗಿದ್ದ ಇಬ್ಬರು ಮುದುಕರು ಮಸೀದಿಯ ಕಡೆಯಿಂದ ಬಂದು ಮೈ ತೊಳೆಸಿದರು. ಹೆಣಕ್ಕೆ ಸುತ್ತುವ ಕಫನಿಗೆ ಬಿಳಿ ಬಟ್ಟೆ ಬೇಕು. ಅಂಗಡಿಗಳು ಮುಚ್ಚಿದ್ದವು, ಒಂದೆರಡನ್ನು ಲೂಟಿ ಮಾಡಿದ್ದರು. ನನ್ನ ಎರಡು ಧೋತರ ಒಳಗಿನ ಬಟ್ಟೆಗೆ ಆದವು, ಮೇಲೆ ಹೊದಿಸುವ ದೊಡ್ಡ ಚಾದರಕ್ಕೆ ಏನೂ ಉಳಿಯಲಿಲ್ಲ. ಬೇಗಂ ಬಾಗಿಲ ಮರೆಯಿಂದ ಒಂದೇ ಮಾತು ಹೇಳುತ್ತಿದ್ದಳು: "ಚಾದರ ಇಲ್ದ ಅವರಿಗಿ ಹ್ಯಾಂಗ ಕಳಿಸ್ಲಿ ಭಾಯಿ." ಆಗ ನಿನ್ನ ಅವ್ವ ನನ್ನನ್ನು ಕೇಳದೆ ಪಟವನ್ನು ತಂದು ಪಡಸಾಲೆಯಲ್ಲಿ ಬೋರಲಾಗಿ ಹಾಸಿದಳು, ಬಣ್ಣ ಕೆಳಗೆ, ಬಿಳಿಯ ಬೆನ್ನು ಮೇಲೆ. ಕತ್ತರಿ ಹಿಡಿದು ನನ್ನ ಮುಖ ನೋಡಿದಳು. "ಯಾವ ಕಡೀದು ತಗೀಲಿ?" ಎಂದು ಮೆಲ್ಲಗೆ ಕೇಳಿದಳು.

ಮಗನೇ, ನಾನು ಕೆಳಗಿನದು ಅಂದೆ. ಮೇಲಿನದು ನಮ್ಮ ಕೆಲಸಕ್ಕೆ ಬೇಕಾಗುತ್ತದೆ ಎಂದು ನನ್ನ ತಲೆಗೆ ಹೊಳೆಯಿತು. ಇಪ್ಪತ್ತು ವರ್ಷದ ಗೆಳೆಯ ಅಂಗಳದಲ್ಲಿ ಮಲಗಿದ್ದಾನೆ, ಆ ಹೊತ್ತಿನಲ್ಲೂ ನಾನು ಉಪದೇಶಿಯೇ. ಪರಲೋಕವನ್ನು ಮನೆಯಲ್ಲಿಟ್ಟುಕೊಂಡು ಅವನಿಗೆ ನರಕ ಹೊದಿಸಿದೆ. ಬಿಳಿಯ ಕಡೆ ಮೈಗೆ, ಬಣ್ಣದ ಕಡೆ ಮಣ್ಣಿಗೆ. ಮುದುಕರು ಚಿತ್ರವನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಗಂಟು ಕಟ್ಟಿದರು. ಚಿತ್ರವಿರುವ ಬಟ್ಟೆ ಸಲ್ಲದು ಎಂದು ಅವರಿಗೆ ಗೊತ್ತಿರಲಿಲ್ಲವೆ? ನನಗಿಂತ ಅವರು ದೊಡ್ಡವರು.

ಹದಿನೈದು ದಿನದ ಹಿಂದೆ ಉಳಿದ ಅರ್ಧವನ್ನೇ ತೆಗೆದುಕೊಂಡು ಬಗದಲ್ ಊರಿಗೆ ಹೋದೆ. ಮೇಲೆ ಪಟ್ಟಣವಿದೆ, ಸಣ್ಣ ದಾರಿ ಇದೆ, ಅಗಲವಾದ ದಾರಿ ಕತ್ತರಿಸಿದ ಅಂಚಿನವರೆಗೆ ಬಂದು ಬಟ್ಟೆಯಿಂದ ಹೊರಗೆ ಹೋಗುತ್ತದೆ. ಒಬ್ಬ ಮುದುಕಿ ಎದ್ದು ಬಂದು, "ಈ ದಾರಿ ಮುಂದ ಎಲ್ಲಿಗಿ ಹೋಗ್ತದ್ರಿ?" ಎಂದು ಕೇಳಿದಳು. ನನಗೆ ಗೊತ್ತಿಲ್ಲವ್ವ ಅಂದೆ. ಆ ಮಾತು ನನ್ನ ಬಾಯಿಂದ ಪಟದ ಮುಂದೆ ಹೊರಟದ್ದು ಅದೇ ಮೊದಲು. ಆಕೆ ನಗಲಿಲ್ಲ. ಹೋಗಿ ತನ್ನ ಜಾಗದಲ್ಲಿ ಕೂತು, ಮುಂದೆ ಹೇಳ್ರಿ ಅಂದಳು. ಅಂದು ಹೇಳಿದಷ್ಟು ಹಗುರಾಗಿ ಸ್ವಾಮಿಯ ಕಥೆಯನ್ನು ನಾನು ಎಂದೂ ಹೇಳಿರಲಿಲ್ಲ.

ಬೇಗಂಗೆ ಸತ್ಯ ಹೇಳಿದಿರಾ ಎಂದು ಕೇಳಿದ್ದೀ. ಅವಳೇ ನನ್ನನ್ನು ಕೇಳಿದಳು. ನಮ್ಮ ಕೇರಿಯ ಯಾರೋ, ದೀಕ್ಷಾಸ್ನಾನ ತೆಗೆದುಕೋ, ಆಮೇಲೆ ನಿನ್ನನ್ನು ಯಾರೂ ಮುಟ್ಟುವುದಿಲ್ಲ ಎಂದಿದ್ದರಂತೆ. "ಭಾಯಿ, ನಾ ನಿಮ್ಮ ನೀರು ತಗೊಂಡ್ರ ಆ ಲೋಕದಾಗ ಅವರಿಗಿ ಭೇಟಿ ಆಗ್ತದೇನು?" ಎಂದಳು. ನನ್ನ ಅವ್ವನ ರೊಟ್ಟಿಯ ಮಾತು ಎದೆಗೆ ಬಂದು ಹೊಡೆಯಿತು. ಹೆದರಿ ಬರುವುದು ಬೇಡ ತಂಗಿ, ಮನಸ್ಸು ಕರೆದರೆ ಬಾ, ಮನೆಯಂತೂ ನಿನ್ನದು ಎಂದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಬಾವಿಯ ಹತ್ತಿರ ಆ ಕೆಲಸ ಮಾಡಿದವರು ದೇವರ ಮುಂದೆ ನಿಲ್ಲಲಿ, ಉತ್ತರ ಹೇಳಲಿ. ಹಾಗೆ ಬಯಸುವಷ್ಟು ಕೋಪ ನನ್ನಲ್ಲಿದೆ. ಆದರೆ ಯಾರು ಎಲ್ಲಿದ್ದಾರೆ ಎಂದು ಬೆತ್ತ ಹಿಡಿದು ತೋರಿಸುವ ಕೆಲಸವನ್ನು ಬಿಟ್ಟಿದ್ದೇನೆ. ಯೇಸುವೇ ದಾರಿ ಎಂದು ಇವತ್ತೂ ನಂಬುತ್ತೇನೆ. ಆ ದಾರಿ ಎಷ್ಟು ದೂರ ಇಳಿದು ಬಂದು ಜನರನ್ನು ಎತ್ತಿಕೊಳ್ಳುತ್ತದೆ ಎನ್ನುವುದು ಉಪದೇಶಿ ಮಡೆಪ್ಪನ ಕೈಯಲ್ಲಿಲ್ಲ. ಸುತ್ತು ಹಾಕಿ ಬರುತ್ತೇನೆ ಎಂದವನಿಗೂ ಬಾಗಿಲು ತೆರೆದಿರಲಿ ಎಂದು ದಿನವೂ ಬೇಡುತ್ತೇನೆ. ಇದು ತಪ್ಪಾಗಿದ್ದರೆ ನಿನ್ನ ಕೆಂಪು ಶಾಯಿಯಲ್ಲಿ ಗೀಚು, ಬೇಸರವಿಲ್ಲ. ನನ್ನನ್ನು ಬಿಟ್ಟುಬಿಡಬೇಡ, ಅಷ್ಟೇ.

ನಿನ್ನ ಅವ್ವ ನಿನಗೆ ಮುತ್ತು ಕಳಿಸಿದ್ದಾಳೆ, ಮೆಂತ್ಯದ ಪುಡಿ ಮಾಡಿಟ್ಟಿದ್ದಾಳೆ. ಬೇಗಂ ದುವಾ ಹೇಳಿದ್ದಾಳೆ. ನಿನ್ನ ಗುರುಗಳಿಗೆ ನನ್ನ ವಂದನೆ ತಿಳಿಸು. ಇಳಿದು ಬರುವ ಸ್ವಾಮಿ ನಿನ್ನ ಕೈ ಹಿಡಿದು ನಡೆಸಲಿ.

ನಿನ್ನ ಅಪ್ಪ,
ಸಮುವೇಲ ಮಡೆಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಮುಖ್ಯವಾದದ್ದನ್ನೇ ಬಿಟ್ಟೆ, ಮರೆತೆನೋ ಧೈರ್ಯ ಸಾಲಲಿಲ್ಲವೋ ತಿಳಿಯದು. ಬೇಗಂ ಗೋಷೆಯ ಪರದೆಯೊಳಗೆ ಇದ್ದವಳು, ಪಟವನ್ನು ಬಿಚ್ಚಿದ್ದನ್ನು ಒಮ್ಮೆಯೂ ನೋಡಿಲ್ಲ. ಆ ಮುಂಜಾನೆ ಬಾಗಿಲ ಮರೆಯಿಂದ ಚಾದರದ ಅಂಚಿನಲ್ಲಿ ಕೆಂಪು ಕಂಡಿತಂತೆ. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ, ಆ ಮಗ್ಗುಲಿಗೆ ಏನು ಬರೆದಿತ್ತು ಭಾಯಿ ಎಂದು ಕೇಳಿದಳು. ದಾಳಿಂಬೆಯ ತೋಟ, ಗಿಡದ ತುಂಬ ಹೂವು ಅಂದೆ. ನಿನ್ನ ಅವ್ವ ಪಕ್ಕದಲ್ಲಿ ಕೂತು ಒಂದು ನೀರಿನ ಕಾಲುವೆಯನ್ನೂ ಸೇರಿಸಿದಳು. ಅಂದಿನಿಂದ ಬೇಗಂ ಎರಡು ರೊಟ್ಟಿ ತಿನ್ನುತ್ತಾಳೆ, ನಿದ್ದೆ ಮಾಡುತ್ತಾಳೆ. ಸುಳ್ಳುಗಾರರ ಪಾಲು ಬೆಂಕಿಯ ಕೆರೆಯಲ್ಲಿ ಎಂದು ನಾನು ಪಟದ ಮುಂದೆ ಎಷ್ಟು ಸಲ ಹೇಳಿದ್ದೇನೆ, ನಿನಗೆ ಗೊತ್ತು. ನೀನು ಆ ಪಟದ ಕೆಳಗೆ ಆಡಿ ಬೆಳೆದವನು ಎಂದು ಅವಳಿಗೂ ಗೊತ್ತು. ಮಾಣಿಕ ಬರಲಿ, ಎಷ್ಟು ಹೂವಿದ್ದವು ಎಂದು ಅವನನ್ನೇ ಕೇಳುತ್ತೇನೆ ಎಂದು ದಿನ ಎಣಿಸುತ್ತಿದ್ದಾಳೆ. ನೀನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾಳೆ. ಏನು ಹೇಳಬೇಕೆಂದು ನಾನು ಬರೆಯುವುದಿಲ್ಲ. ರೈಲಿನಲ್ಲಿ ಯೋಚಿಸಿಕೊಂಡು ಬಾ.